ಹೊಟ್ಟೆ ನೋಡದೇ ಹೇಳಿದ ರೇಟು



ಇವತ್ತು ರಾಜಕೀಯ ಇಲ್ಲ. ಬಜೆಟ್ ಇಲ್ಲ, ಬಂಡಾಯ ಇಲ್ಲ, ರೆಸಾರ್ಟ್ ಇಲ್ಲ. ಇವತ್ತು ಹೊಟ್ಟೆ ಬಗ್ಗೆ ಮಾತಾಡೋಣ. ಹಸಿದ ಹೊಟ್ಟೆ ಬಗ್ಗೆ ಇದೇ ಕುರ್ಚಿಯಲ್ಲಿ ಕೂತು ಬೇಕಾದಷ್ಟು ಸಲ ಮಾತಾಡಿದ್ದೀನಿ. ಇದು ಹೆತ್ತ ಹೊಟ್ಟೆಯ ಕಥೆ.

ನಮ್ಮಕ್ಕನಿಂದ ಶುರು ಮಾಡ್ತೀನಿ. ಅವಳ ಒಪ್ಪಿಗೆ ತಗೊಂಡೇ ಹೇಳ್ತಾ ಇದ್ದೀನಿ. "ಹೆಸರೊಂದು ಹೇಳಬ್ಯಾಡ, ಉಳಿದದ್ದೆಲ್ಲಾ ಹೇಳು" ಅಂದಿದ್ದಾಳೆ. ನಾವು ಮಾನ್ವಿ ಕಡೆಯವರು. ಅಕ್ಕ ಈಗ ರಾಯಚೂರಲ್ಲಿ ಇದ್ದಾಳೆ, ಪ್ರೈಮರಿ ಶಾಲೆ ಟೀಚರು. ವಯಸ್ಸು 41. ದಿನಾ ಬಸ್ಸಲ್ಲೇ ಶಾಲೆಗೆ ಹೋಗಿಬರ್ತಾಳೆ. ಒಂದು ದಿನ ಬೆಳಗ್ಗೆ ಬಸ್ಸು ತುಂಬಿಹೋಗಿದೆ, ಇವಳು ಕಂಬಿ ಹಿಡಿದು ನಿಂತಿದ್ದಾಳೆ. ಕಂಡಕ್ಟರ್ ಒಳ್ಳೆ ಮನುಷ್ಯ. ಮುಂದಿನ ಸೀಟಲ್ಲಿ ಕೂತಿದ್ದ ಕಾಲೇಜು ಹುಡುಗನಿಗೆ ಗದರಿದ: "ಏಳೋ ತಮ್ಮಾ, ಬಸುರಿ ಹೆಣ್ಮಗಳು ನಿಂತಾಳ, ಕಣ್ಣ ಕಾಣಂಗಿಲ್ಲೇನು?" ಇಡೀ ಬಸ್ಸು ತಿರುಗಿ ನೋಡಿತು. ಅಕ್ಕನ ಚಿಕ್ಕ ಮಗನಿಗೆ ಆಗ ಒಂಬತ್ತು ವರ್ಷ.

ಅವಳು ಏನು ಮಾಡಿದಳು ಗೊತ್ತಾ? ಕೂತುಕೊಂಡಳು. "ಇಲ್ಲಪ್ಪಾ, ನಾ ಬಸುರಿ ಅಲ್ಲ" ಅಂದರೆ ಆ ಕಂಡಕ್ಟರ್ ಮುಖ ಏನಾಗಬೇಡ? ಅದಕ್ಕೆ ಸೊಂಟಕ್ಕೆ ಒಂದು ಕೈ ಕೊಟ್ಟುಕೊಂಡು, ಬಸುರಿಯರು ಕೂರುವ ಹಾಗೇ ಹುಷಾರಾಗಿ ಕೂತಳು. ಇಳಿಯುವಾಗಲೂ ಹಾಗೇ ಇಳಿದಳು. ಇದನ್ನ ಫೋನಲ್ಲಿ ಹೇಳ್ತಾ ಅವಳು ನಗ್ತಾ ಇದ್ದಳು, ನಾನೂ ನಕ್ಕೆ. ಆಮೇಲೆ ಆ ಕಡೆ ಸದ್ದು ನಿಂತುಹೋಯಿತು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ನಿಮ್ಮ ಬೆಂಗಳೂರಾಗ ಹೊಟ್ಟಿ ಸರಿ ಮಾಡೋ ಆಪರೇಷನ್ ಮಾಡ್ತಾರಂತಲ್ಲ, ಖರೇ ಏನು?"

ಇದನ್ನ ಕೇಳಿದ ತಕ್ಷಣ ನಮ್ಮಲ್ಲಿ ಬಹಳ ಜನರ ಬಾಯಿಂದ ಬರುವ ಮಾತು ಒಂದೇ. ಶೋಕಿ. ನಮ್ಮ ಭಾವನ ಬಾಯಿಂದಲೂ ಅದೇ ಬಂತು. "ಈ ವಯಸ್ಸಿನಾಗ ಯಾರಿಗೆ ತೋರಿಸ್ಬೇಕಾಗೇತಿ?" ಭಾವ ಕೆಟ್ಟವರಲ್ಲ. ಅವರಿಗೆ ಅಕ್ಕನ ಹೊಟ್ಟೆಯಿಂದ ಏನೂ ತೊಂದರೆ ಇಲ್ಲ, ನಿಜ. ತೊಂದರೆ ಇರೋದು ಆ ಹೊಟ್ಟೆ ಹೊತ್ತುಕೊಂಡು ಓಡಾಡೋಳಿಗೆ. ಎರಡು ಸಲ ಒಂಬತ್ತು ತಿಂಗಳು ಹಿಗ್ಗಿದ ಚರ್ಮ ಅದು. ಒಂದು ಮಟ್ಟ ದಾಟಿ ಹಿಗ್ಗಿದ ಮೇಲೆ ಅದು ವಾಪಸ್ ಬರಲ್ಲ, ಹಳೇ ಲುಂಗಿಯ ಎಲಾಸ್ಟಿಕ್ ಅಂತ ಹೇಳೋಣ ಅಂದರೆ ಲುಂಗಿಗೆ ಎಲಾಸ್ಟಿಕ್ಕೇ ಇಲ್ಲ, ಲಂಗದ ಎಲಾಸ್ಟಿಕ್ ಅಂತ ಇಟ್ಟುಕೊಳ್ಳಿ. ಅದರ ಕೆಳಗೆ ಹೊಟ್ಟೆಯ ನಡುವೆ ಎದೆಗೂಡಿನಿಂದ ಕೆಳಗಿನವರೆಗೆ ಎರಡು ಉದ್ದನೆಯ ಸ್ನಾಯುಪಟ್ಟಿ ಇರ್ತವೆ. ಬಸುರಿನಲ್ಲಿ ಅವೆರಡೂ ದೂರ ಸರೀತವೆ. ಬಹಳಷ್ಟು ಜನರಿಗೆ ಹೆರಿಗೆ ಆದಮೇಲೆ ಹತ್ತಿರ ಬರ್ತವೆ, ಕೆಲವರಿಗೆ ಬರಲ್ಲ. ಸರಿಯಾದ ಫಿಸಿಯೋಥೆರಪಿಯಿಂದ ಸ್ನಾಯುವಿಗೆ ಬಲ ಬರುತ್ತೆ, ಬಿರುಕೂ ಸ್ವಲ್ಪ ಕಡಿಮೆ ಆಗಬಹುದು. ಆದರೆ ಜೋತುಬಿದ್ದ ಚರ್ಮವನ್ನ ಯಾವ ಸೂರ್ಯನಮಸ್ಕಾರವೂ ಒಳಗೆ ಎಳೆದುಕೊಳ್ಳಲ್ಲ. ಅಕ್ಕ ಒಂದು ವರ್ಷ ಬೆಳಗ್ಗೆ ವಾಕಿಂಗ್ ಮಾಡಿದ್ದಳು. ಎಂಟು ಕೆಜಿ ಇಳಿದಳು. ಹೊಟ್ಟೆ ಇನ್ನೂ ಜೋತುಬಿತ್ತು.

ನನ್ನ ಬಗ್ಗೆಯೂ ಒಂದು ಮಾತು ಹೇಳಿಬಿಡ್ತೀನಿ. ನಂದೂ ಸಿಸೇರಿಯನ್. ನನಗೆ ಈ ಟೇಬಲ್ ಇದೆ ಮುಂದೆ. ಎದೆಯಿಂದ ಮೇಲಷ್ಟೇ ನಿಮಗೆ ಕಾಣೋದು. ಶಾಲೆ ಟೀಚರಿಗೆ ಆ ಅನುಕೂಲ ಇಲ್ಲ, ನಲವತ್ತು ಮಕ್ಕಳ ಮುಂದೆ ದಿನವಿಡೀ ನಿಂತಿರಬೇಕು.

ಸರಿ, ಅಕ್ಕ ಬೆಂಗಳೂರಿಗೆ ಬಂದಳು. ಅವಳ ಫೋನಲ್ಲಿ ಒಂದೇ ಒಂದು ಸಲ ಹುಡುಕಿದ್ದಂತೆ. ಮಾರನೇ ದಿನದಿಂದ ಫೋನ್ ತೆಗೆದರೆ ಬರೀ ಹೊಟ್ಟೆಗಳೇ. ಎಡಗಡೆ 'ಮುಂಚೆ', ಬಲಗಡೆ 'ಆಮೇಲೆ'. ಅದರಲ್ಲೇ ಒಂದು ಕ್ಲಿನಿಕ್ ಆರಿಸಿಕೊಂಡಿದ್ದಳು. ಹೆಸರು ಬೇಡ. ಒಂದೇ ಕ್ಲಿನಿಕ್ಕಿನ ತಪ್ಪಾಗಿದ್ದರೆ ನಾನು ಇಷ್ಟುದ್ದ ಮಾತಾಡಬೇಕಾಗಿರಲಿಲ್ಲ.

ನಾನೂ ಜೊತೆಗೆ ಹೋದೆ. ಒಳ್ಳೆ ಎಸಿ, ಒಳ್ಳೆ ಕಾಫಿ, ಸೋಫಾ. ಡಾಕ್ಟರ್ ಬರಲಿಲ್ಲ. 'ಕೌನ್ಸೆಲರ್' ಅಂತ ಒಬ್ಬ ಹುಡುಗಿ ಬಂದಳು, ಕೈಯಲ್ಲಿ ಟ್ಯಾಬ್. ಮೊದಲ ಪ್ರಶ್ನೆ: "ಮ್ಯಾಮ್, ಬಜೆಟ್ ಎಷ್ಟು ಇಟ್ಕೊಂಡಿದ್ದೀರಾ?" ಎರಡನೇ ಮಾತು: ದಸರಾ ಆಫರ್. ಮೂರನೇದು ಇಎಂಐ. ಆಮೇಲೆ ಒಂದು ಫಾರ್ಮು ಕೊಟ್ಟಳು. ಅದರಲ್ಲಿ ಒಂದು ಸಾಲು: ಹಿಂದೆ ಆಪರೇಷನ್ ಆಗಿದೆಯೇ, ಹೌದು ಅಥವಾ ಇಲ್ಲ. ಅಕ್ಕ ಹೌದು ಅಂತ ಟಿಕ್ ಹಾಕಿದಳು. ಯಾವ ಆಪರೇಷನ್ ಅಂತ ಬರೆಯೋದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಆ ಹುಡುಗಿ ಟಿಕ್ ನೋಡಿ ನಕ್ಕಳು. "ನೋ ಪ್ರಾಬ್ಲಮ್ ಮ್ಯಾಮ್. ಅದೇ ಸರ್ಜರಿಯಲ್ಲಿ ಹಳೇ ಮಾರ್ಕ್ ಕೂಡ ಹೋಗ್ಬಿಡತ್ತೆ. ಮೂರನೇ ದಿನ ನೀವು ಊರಿಗೆ ಹೋಗ್ಬಹುದು."

ಇಪ್ಪತ್ತು ನಿಮಿಷ ಕೂತಿದ್ವಿ. ರೇಟು ಬಂತು, ಡಿಸ್ಕೌಂಟ್ ಬಂತು, ತಾರೀಖು ಬಂತು. ಆ ಇಪ್ಪತ್ತು ನಿಮಿಷದಲ್ಲಿ ಒಬ್ಬರೂ ಅಕ್ಕನ ಹೊಟ್ಟೆ ನೋಡಲಿಲ್ಲ. ಸೀರೆ ಅಂಗಡಿಯಲ್ಲಿ ಬ್ಲೌಸ್ ಹೊಲಿಸೋಕೆ ಕೊಟ್ಟರೂ ಅಳತೆ ತಗೋತಾರೆ ಸ್ವಾಮಿ.

ಹಳೇ ಮಾರ್ಕ್ ಹೋಗುತ್ತೆ ಅನ್ನೋ ಮಾತು ಇದೆಯಲ್ಲ, ಅದು ಪೂರ್ತಿ ಸುಳ್ಳಾಗಿದ್ದರೆ ಒಳ್ಳೆಯದಿತ್ತು. ಅರ್ಧ ನಿಜ. ಯಾವ ಅರ್ಧ ನಿಜ ಅಂತ ತಿಳಿಯಬೇಕಾದರೆ ಈ ಆಪರೇಷನ್ ಹೇಗೆ ಮಾಡ್ತಾರೆ ಅನ್ನೋದನ್ನ ನೋಡಬೇಕು. ಊಟ ಮಾಡ್ತಾ ಇರೋರು ಎರಡು ನಿಮಿಷ ಸೌಂಡ್ ಕಡಿಮೆ ಮಾಡಿಕೊಳ್ಳಿ.

ಟಮ್ಮಿ ಟಕ್ ಅಂದರೆ ಕೊಬ್ಬು ಹೀರಿ ತೆಗೆಯೋದಲ್ಲ. ಅದು ಲೈಪೋಸಕ್ಷನ್, ಬೇರೆ ಕೆಲಸ. ತೂಕ ಇಳಿಸೋ ಆಪರೇಷನ್ನೂ ಇದಲ್ಲ. ತೂಕ ಇಳಿದು ಒಂದು ಕಡೆ ನಿಂತ ಮೇಲೆ ಮಾಡಿಸಿಕೊಳ್ಳೋದು ಇದು. ಒಂದು ಸೊಂಟದ ಮೂಳೆಯಿಂದ ಇನ್ನೊಂದು ಸೊಂಟದ ಮೂಳೆಯವರೆಗೆ, ಕೆಳಹೊಟ್ಟೆಯಲ್ಲಿ ಅಡ್ಡಲಾಗಿ ಕೊಯ್ತಾರೆ. ಚರ್ಮ ಮತ್ತು ಕೊಬ್ಬಿನ ಪದರವನ್ನ ಒಟ್ಟಿಗೆ, ಕಂಬಳಿ ಎತ್ತಿದ ಹಾಗೆ, ಸ್ನಾಯುವಿನ ಮೇಲಿಂದ ಬಿಡಿಸಿ ಪಕ್ಕೆಲುಬಿನ ತನಕ ಎತ್ತುತಾರೆ. ಹೊಕ್ಕಳನ್ನ ಅದರ ಬುಡದ ಸಮೇತ ಅಲ್ಲೇ ಬಿಟ್ಟಿರ್ತಾರೆ. ದೂರ ಸರಿದ ಸ್ನಾಯುಗಳನ್ನ ನಡುವೆ ಹೊಲಿದು ಹತ್ತಿರ ತರ್ತಾರೆ. ಆಮೇಲೆ ಎತ್ತಿದ ಪದರವನ್ನ ಕೆಳಕ್ಕೆ ಜಗ್ಗಿ, ಹೆಚ್ಚಾದದ್ದನ್ನ ಕತ್ತರಿಸಿ, ಹೊಲಿದು, ಹೊಕ್ಕಳಿಗೆ ಹೊಸ ಕಿಂಡಿ ಮಾಡ್ತಾರೆ. ಪೂರ್ತಿ ಅನಸ್ತೇಷಿಯಾ ಕೊಟ್ಟು ಕೆಲವು ಗಂಟೆ ಮಾಡೋ ದೊಡ್ಡ ಶಸ್ತ್ರಚಿಕಿತ್ಸೆ ಇದು. ಪಾರ್ಲರ್ ಕೆಲಸ ಅಲ್ಲ.

ಈಗ ಹಳೇ ಗಾಯದ ಗುರುತಿಗೆ ಬನ್ನಿ. ಅದು ಎಲ್ಲಿದೆ ಅನ್ನೋದೇ ಇಲ್ಲಿ ಎಲ್ಲಾ. ಸಿಸೇರಿಯನ್ ಗುರುತು ಸಾಮಾನ್ಯವಾಗಿ ಕೆಳಗೆ ಅಡ್ಡಕ್ಕೆ ಇರುತ್ತೆ. ಹೊಸದಾಗಿ ಕೊಯ್ಯೋದೂ ಅಲ್ಲೇ. ಆದ್ದರಿಂದ ಆ ಗುರುತು ಕತ್ತರಿಸಿ ಹಾಕೋ ಚರ್ಮದ ಜೊತೆಗೇ ಹೊರಟುಹೋಗುತ್ತೆ. ಹಳೇ ಕಾಲದ ಅಪೆಂಡಿಕ್ಸ್ ಗುರುತು, ಬಲಗಡೆ ಕೆಳಗಿನದು, ಅದೂ ಬಹುಪಾಲು ಹೋಗುತ್ತೆ. ಆ ಹುಡುಗಿ ಹೇಳಿದ ಅರ್ಧ ನಿಜ ಇದು. ಗಮನಿಸಿ, ಚಿಕ್ಕ ಗುರುತು ಹೋಗಿ ಅದರ ಜಾಗದಲ್ಲಿ ಸೊಂಟದಿಂದ ಸೊಂಟಕ್ಕೆ ಹೊಸ ಗುರುತು ಬಂದಿರುತ್ತೆ. ನಿಮ್ಮ ಹಳೇ ಸಿಸೇರಿಯನ್ ಗೆರೆ ಉಬ್ಬಿ, ಗಟ್ಟಿಯಾಗಿ, ಕೆರೆತ ಬರೋ ಥರ ಆಗಿದ್ದರೆ ಹೊಸ ಗೆರೆಯೂ ಹಾಗೆ ಆಗೋ ಸಾಧ್ಯತೆ ಹೆಚ್ಚು. ನಿಮ್ಮ ಚರ್ಮ ಹೇಗೆ ಮಾಯುತ್ತೆ ಅನ್ನೋದನ್ನ ನಿಮ್ಮ ಹಳೇ ಗೆರೆಯೇ ಹೇಳ್ತಾ ಇರುತ್ತೆ, ಯಾರಾದರೂ ಸೀರೆ ಸರಿಸಿ ನೋಡಿದರೆ.

ಉಳಿದರ್ಧ ಅಕ್ಕನ ಹೊಟ್ಟೆಯ ಮೇಲ್ಗಡೆ ಇತ್ತು. ಆರು ವರ್ಷದ ಹಿಂದೆ ಅವಳಿಗೆ ಪಿತ್ತಕೋಶದ ಕಲ್ಲು ಆಗಿತ್ತು. ಹೊಕ್ಕಳ ಹತ್ತಿರ ತೂತು ಮಾಡಿ ಲ್ಯಾಪರೋಸ್ಕೋಪಿಯಲ್ಲಿ ಶುರು ಮಾಡಿದರು. ಒಳಗೆ ಎಲ್ಲಾ ಅಂಟಿಕೊಂಡಿತ್ತಂತೆ. ಹಾಗಾಗಿ ಬಲಗಡೆ ಪಕ್ಕೆಲುಬಿನ ಕೆಳಗೆ ಓರೆಯಾಗಿ ಗೇಣುದ್ದ ಕೊಯ್ದು ತೆಗೆದರು. ಜೀವ ಉಳಿಸಿದ ಗಾಯ ಅದು, ಅದರ ಮೇಲೆ ದೂರಿಲ್ಲ. ಆದರೆ ಟಮ್ಮಿ ಟಕ್ ಮಾಡೋ ಸರ್ಜನ್‌ಗೆ ಎದೆ ಝಲ್ ಅನ್ನಿಸೋ ಗೆರೆ ಏನಾದರೂ ಇದ್ದರೆ ಅದು ಇದೇ.

ಯಾಕೆ? ಇಲ್ಲಿ ನನ್ನ ಇಂಜಿನಿಯರಿಂಗ್ ಸ್ವಲ್ಪ ಉಪಯೋಗಕ್ಕೆ ಬಂತು. ನಾಲ್ಕು ವರ್ಷ ಸಿವಿಲ್ ಓದಿ ಮೈಕ್ ಹಿಡಿದವಳು ನಾನು. ಅಪ್ಪ ಇವತ್ತಿಗೂ "ಇರಿಗೇಷನ್ ಪೇಪರ್ ಎದಕ್ಕ ಬರದಿ?" ಅಂತ ಕೇಳ್ತಾರೆ. ಇದಕ್ಕೆ ಅಂತ ಹೇಳಬಹುದು ಈಗ.

ಹೊಟ್ಟೆಯ ಚರ್ಮಕ್ಕೆ ರಕ್ತ ಎಲ್ಲಿಂದ ಬರುತ್ತೆ? 1979ರಲ್ಲಿ ಹ್ಯೂಗರ್ ಅನ್ನೋ ಅಮೆರಿಕದ ಸರ್ಜನ್ ಒಬ್ಬರು ಇದನ್ನ ಮೂರು ವಲಯ ಮಾಡಿ ಬರೆದರು. ಇವತ್ತಿಗೂ ಪ್ಲಾಸ್ಟಿಕ್ ಸರ್ಜರಿ ಓದೋರು ಅದನ್ನೇ ಕಲೀತಾರೆ. ನಡುವಿನ ಭಾಗಕ್ಕೆ ಸ್ನಾಯುವಿನ ಒಳಗಿಂದ ಮೇಲೆ ತೂರಿಬರೋ ನಾಳಗಳು. ಕೆಳಭಾಗಕ್ಕೆ ತೊಡೆಸಂದಿಯ ಕಡೆಯಿಂದ ಬರೋ ನಾಳಗಳು. ಎರಡೂ ಪಕ್ಕಗಳಿಗೆ ಪಕ್ಕೆಲುಬುಗಳ ಸಂದಿಯಿಂದ, ಸೊಂಟದ ಹಿಂದಿನಿಂದ ಬರೋ ನಾಳಗಳು. ಟಮ್ಮಿ ಟಕ್‌ನಲ್ಲಿ ಚರ್ಮವನ್ನ ಕಂಬಳಿ ಥರ ಎತ್ತಿದಾಗ ನಡುವಿನ ನಾಳಗಳು ಬಹುಪಾಲು ತುಂಡಾಗ್ತವೆ. ಕೆಳಗೆ ಕೊಯ್ದಾಗ ಕೆಳಗಿನವು ಹೋದವು. ಮಿಕ್ಕಿದ್ದು ಪಕ್ಕದ ಕಾಲುವೆ ಮಾತ್ರ. ಆರೋಗ್ಯವಂತರಿಗೆ ಅಷ್ಟು ಸಾಕು, ಇಡೀ ಪದರ ಅದರ ಮೇಲೇ ಬದುಕುತ್ತೆ.

ಈಗ ಆ ಪಕ್ಕದ ಕಾಲುವೆಗೇ ಅಡ್ಡಲಾಗಿ ಹಳೇ ಒಡ್ಡು ಬಿದ್ದಿದ್ದರೆ? ಪಿತ್ತಕೋಶದ ಆ ಓರೆ ಗೆರೆ ಅಂದರೆ ಅದೇ. ಆ ಗೆರೆಯಿಂದ ಕೆಳಗಿರೋ ಚರ್ಮ ನಮ್ಮ ಊರಿನ ರೈತ ಇದ್ದ ಹಾಗೆ. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್. ಡ್ಯಾಮಿನಲ್ಲಿ ನೀರಿದ್ದರೂ ಮಾನ್ವಿ, ಸಿರವಾರ ಕಡೆಯ ಕೊನೆಭಾಗಕ್ಕೆ ಬರೋ ಹೊತ್ತಿಗೆ ಕಾಲುವೆಯಲ್ಲಿ ಏನಿರುತ್ತೆ ಅಂತ ನನಗೆ ಯಾರೂ ಹೇಳಬೇಕಾಗಿಲ್ಲ. ಭತ್ತ ನಾಟಿ ಮಾಡಿ ನೀರಿಗಾಗಿ ರಸ್ತೆಯಲ್ಲಿ ಕೂತ ಮನೆತನ ನಮ್ಮದು. ಮೇಲೆ ಹಸಿರು, ಕೊನೆಗೆ ಒಣಗು. ಚರ್ಮಕ್ಕೂ ಅಷ್ಟೇ. ರಕ್ತ ತಲುಪದ ತುಂಡು ಮೊದಲು ನೀಲಿಗಟ್ಟುತ್ತೆ, ಆಮೇಲೆ ಕಪ್ಪಾಗುತ್ತೆ, ಸಾಯುತ್ತೆ. ಅದನ್ನ ಕತ್ತರಿಸಿ ತೆಗೆದು, ವಾರಗಟ್ಟಲೆ ಡ್ರೆಸ್ಸಿಂಗ್ ಮಾಡಿ, ಕೆಲವೊಮ್ಮೆ ತೊಡೆಯ ಚರ್ಮ ತಂದು ಹಚ್ಚಬೇಕಾಗುತ್ತೆ. ಚಂದ ಆಗಲಿ ಅಂತ ಹೋದವಳ ಹೊಟ್ಟೆಯಲ್ಲಿ!

ಹೊಟ್ಟೆ ನಡುವೆ ಮೇಲಿಂದ ಕೆಳಗೆ ಉದ್ದ ಗೆರೆ ಇರೋರ ಲೆಕ್ಕ ಮತ್ತೊಂದು ಥರ. ತುರ್ತು ಆಪರೇಷನ್ ಆದೋರಿಗೆ ಹೀಗಿರುತ್ತೆ, ಕೆಲವರಿಗೆ ಗರ್ಭಕೋಶ ತೆಗೆದಾಗ ಆಗಿರುತ್ತೆ. ಆ ಗೆರೆ ದಾಟಿ ರಕ್ತ ಈ ಕಡೆಯಿಂದ ಆ ಕಡೆಗೆ ಸರಿಯಾಗಿ ಹೋಗಲ್ಲ. ಕೆಲವರಿಗೆ ಸರ್ಜನ್ ಅದೇ ಗೆರೆಯನ್ನೇ ಬಳಸಿಕೊಂಡು ಉದ್ದಕ್ಕೂ ಅಡ್ಡಕ್ಕೂ ತೆಗೀತಾರೆ. ಲ್ಯಾಪರೋಸ್ಕೋಪಿಯ ಸಣ್ಣ ಚುಕ್ಕೆಗಳು ಅಷ್ಟಾಗಿ ಅಡ್ಡಿ ಮಾಡಲ್ಲ, ಆದರೆ ಹೊಕ್ಕಳ ಹತ್ತಿರದ ಚುಕ್ಕೆಯನ್ನ ನಂಬೋ ಹಾಗಿಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಇದು ನಮ್ಮಕ್ಕ ಒಬ್ಬಳ ಸಮಸ್ಯೆ ಅಂತ ಅಂದುಕೊಳ್ಳಬೇಡಿ. ನಮ್ಮ ಕಡೆ ಹೆಂಗಸರು "ಆಪರೇಷನ್ ಆಗೇತಿ" ಅಂದರೆ ಯಾವ ಆಪರೇಷನ್ ಅಂತ ಯಾರೂ ಕೇಳಲ್ಲ. ಮಕ್ಕಳಾಗದ ಆಪರೇಷನ್ ಅಂತಲೇ ಅರ್ಥ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇಕಡಾ 57ರಷ್ಟು ಜನರಿಗೆ ಈ ಆಪರೇಷನ್ ಆಗಿದೆ. ಗಂಡಸರ ಲೆಕ್ಕ ಕೇಳಬೇಡಿ, ಸೊನ್ನೆಯ ಆಸುಪಾಸು. ಅದೇ ಸಮೀಕ್ಷೆಯಲ್ಲಿ 100 ಹೆರಿಗೆಗೆ 31ಕ್ಕಿಂತ ಹೆಚ್ಚು ಸಿಸೇರಿಯನ್. ಅದಕ್ಕೂ ಹಿಂದಿನ 2015–16ರ ಸಮೀಕ್ಷೆಯಲ್ಲಿ ಇದು 24ರ ಹತ್ತಿರ ಇತ್ತು. ಅಂದರೆ ನಮ್ಮ ರಾಜ್ಯದಲ್ಲಿ ಯಾವ ಗುರುತೂ ಇಲ್ಲದ ನಡುವಯಸ್ಸಿನ ಹೊಟ್ಟೆ ಹುಡುಕೋದೇ ಕಷ್ಟ. ಈ ಜಾಹೀರಾತುಗಳೆಲ್ಲ ಯಾರಿಗೆ ಬರ್ತಾ ಇವೆಯೋ ಅವರಲ್ಲಿ ಬಹಳಷ್ಟು ಜನರ ಹೊಟ್ಟೆಯಲ್ಲಿ ಒಂದಲ್ಲ ಒಂದು ಗೆರೆ ಇದ್ದೇ ಇರುತ್ತೆ. ಆದರೂ ಫಾರ್ಮಿನಲ್ಲಿ ಅದಕ್ಕೆ ಇರೋದು ಒಂದು ಟಿಕ್ಕಿನ ಜಾಗ.

ಅಡ್ವಾನ್ಸ್ ಕಟ್ಟದೆ ಎದ್ದು ಬಂದ್ವಿ. ಅಕ್ಕನಿಗೆ ನನ್ನ ಮೇಲೆ ಸಿಟ್ಟು. "ನಿನಗೆಲ್ಲದರಾಗೂ ಡಿಬೇಟ್ ಬೇಕು" ಅಂದಳು. ಮಾರನೇ ದಿನ ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಪ್ಲಾಸ್ಟಿಕ್ ಸರ್ಜನ್ ಒಬ್ಬರು, ಐವತ್ತು ದಾಟಿದೋರು, ಮೂರು ಗಂಟೆ ಕಾಯಿಸಿದರು. ಕಾಫಿ ಇಲ್ಲ, ಸೋಫಾ ಇಲ್ಲ, ಸ್ಟೀಲ್ ಬೆಂಚು. ಒಳಗೆ ಹೋದ ಕೂಡಲೇ "ಮಲ್ಕೊಳಿಯಮ್ಮಾ" ಅಂದರು.

ಹದಿನೈದು ನಿಮಿಷ ಬರೀ ಹೊಟ್ಟೆ ನೋಡಿದರು. ಮಲಗಿಸಿ ನೋಡಿದರು, ನಿಲ್ಲಿಸಿ ನೋಡಿದರು, ಮುಂದಕ್ಕೆ ಬಗ್ಗಿಸಿ ನೋಡಿದರು. ಒಂದೊಂದು ಗೆರೆ ಮೇಲೂ ಬೆರಳಿಟ್ಟು ಇದು ಯಾವಾಗ, ಯಾಕೆ, ಗಾಯ ಮಾಯೋಕೆ ಎಷ್ಟು ದಿನ ಆಯ್ತು, ಕೀವಾಗಿತ್ತಾ ಅಂತ ಕೇಳಿದರು. ಸಿಸೇರಿಯನ್ ಗೆರೆ ಒಳಗೆ ಅಂಟಿಕೊಂಡು ಅದರ ಮೇಲೆ ಮಡಿಕೆ ಹೇಗೆ ಕೂತಿದೆ ಅಂತ ತೋರಿಸಿದರು. ಆಮೇಲೆ "ತಲೆ ಮಾತ್ರ ಎತ್ತಿ, ಈಗ ಕೆಮ್ಮಿ" ಅಂದರು. ಅಕ್ಕ ಕೆಮ್ಮಿದಳು. ಹೊಕ್ಕಳ ಪಕ್ಕ ಅವರ ಬೆರಳು ನಿಂತಿತು. "ಇನ್ನೊಂದು ಸಲ." ಮತ್ತೆ ಕೆಮ್ಮಿದಳು. "ಇಲ್ಲಿ ಹರ್ನಿಯಾ ಇದೆಯಲ್ಲಮ್ಮಾ, ಯಾರೂ ಹೇಳಿಲ್ವಾ?"

ಪಿತ್ತಕೋಶದ ಆಪರೇಷನ್ನಿಗೆ ಹೊಕ್ಕಳ ಹತ್ತಿರ ಹಾಕಿದ್ದ ತೂತು ಒಳಗೆ ಸರಿಯಾಗಿ ಕೂಡಿಕೊಂಡಿರಲಿಲ್ಲ. ಆ ಸಂದಿಯಿಂದ ಒಳಗಿನದು ಹೊರಗೆ ನೂಕ್ತಾ ಇತ್ತು. ಸ್ಕ್ಯಾನಿಂಗಿನಲ್ಲಿ ಖಚಿತ ಆಯ್ತು. ಕೊಬ್ಬಿನ ಕೆಳಗೆ ಅಡಗಿದ್ದರಿಂದ ಅವಳಿಗೂ ಗೊತ್ತಾಗಿರಲಿಲ್ಲ, ಗ್ಯಾಸು ಅಂದುಕೊಂಡಿದ್ದಳು. ಇದನ್ನ ನೋಡದೆ ಯಾರಾದರೂ ಆ ಜಾಗದಲ್ಲಿ ಕೊಬ್ಬು ಹೀರೋ ಕೊಳವೆ ಆಡಿಸಿದ್ದರೆ ಕರುಳಿಗೇ ತೂತು ಬೀಳಬಹುದಿತ್ತು. ಹರ್ನಿಯಾ ರಿಪೇರಿಯನ್ನ ಟಮ್ಮಿ ಟಕ್ ಜೊತೆಗೇ ಮಾಡೋದುಂಟು, ಅದು ತಪ್ಪಲ್ಲ. ಆದರೆ ಟಮ್ಮಿ ಟಕ್‌ನಲ್ಲಿ ಹೊಕ್ಕಳು ಸುತ್ತಲಿನ ಚರ್ಮದಿಂದ ಬೇರೆಯಾಗಿ ಬರೀ ಅದರ ಬುಡದ ರಕ್ತದ ಮೇಲೆ ಉಳಿಯಬೇಕು. ಹರ್ನಿಯಾ ಸರಿಮಾಡೋದಕ್ಕೆ ಕೈಹಾಕೋದೂ ಅದೇ ಬುಡಕ್ಕೆ. ಹೊಕ್ಕಳೇ ಸತ್ತುಹೋಗೋ ಅಪಾಯ ಇರುತ್ತೆ. ಅದು ಗೊತ್ತಿದ್ದು ಯೋಜನೆ ಮಾಡೋದಕ್ಕೂ, ಟೇಬಲ್ ಮೇಲೆ ಕೊಯ್ದಾದ ಮೇಲೆ ಅರೆರೇ ಅನ್ನೋದಕ್ಕೂ ವ್ಯತ್ಯಾಸ ಇದೆ.

ರಕ್ತಪರೀಕ್ಷೆಯೂ ಬಂತು. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳೋ ಎಚ್‌ಬಿಎ1ಸಿ 8.6. "ಬಾರ್ಡರ್ ಐತಿ ಅಂದಿದ್ರು" ಅಂತ ಅಕ್ಕ. ಬಾರ್ಡರ್ ದಾಟಿ ಬಹಳ ದಿನ ಆಗಿತ್ತು. ಹಿಮೋಗ್ಲೋಬಿನ್ 9.4. ಇದೂ ಅವಳೊಬ್ಬಳದ್ದಲ್ಲ ಬಿಡಿ, ಅದೇ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಗಾಯ ಮಾಯೋದು ನಿಧಾನ, ಕೀವಾಗೋದು ಬೇಗ. ಸೊಂಟದಿಂದ ಸೊಂಟಕ್ಕೆ ಹೊಲಿಗೆ ಹಾಕಿರೋ ಮೈಯಲ್ಲಿ ಇದು ಸಣ್ಣ ವಿಷಯ ಅಲ್ಲ.

ಡಾಕ್ಟರು ಇನ್ನೂ ಒಂದು ಪ್ರಶ್ನೆ ಕೇಳಿದರು. ಬಾಯಿಗೆ ಏನಾದರೂ ಹಾಕ್ತೀರಾ? ಅಕ್ಕ ಇಲ್ಲ ಅಂದಳು, ಅದು ನಿಜ. ಆದರೆ ಇದನ್ನ ಸಿಗರೇಟಿನ ಪ್ರಶ್ನೆ ಅಂತ ತಿಳಿದು ನಮ್ಮ ಹೆಂಗಸರು ಇಲ್ಲ ಅಂದುಬಿಡ್ತಾರಂತೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಇಟ್ಟುಕೊಳ್ಳೋರು, ತಂಬಾಕಿನ ಪುಡಿಯಲ್ಲಿ ಹಲ್ಲುಜ್ಜೋರು ಹಳ್ಳಿಗಳಲ್ಲಿ ಎಷ್ಟು ಜನ! ನಿಕೋಟಿನ್ ಹೊಗೆಯಲ್ಲಿ ಹೋದರೂ ರಸದಲ್ಲಿ ಹೋದರೂ ಮಾಡೋ ಕೆಲಸ ಒಂದೇ, ರಕ್ತನಾಳ ಕಿರಿದು ಮಾಡೋದು. ಆಗಲೇ ಒಂದೇ ಕಾಲುವೆಯ ಮೇಲೆ ಬದುಕ್ತಾ ಇರೋ ಚರ್ಮ ಅದು. ಕನಿಷ್ಠ ನಾಲ್ಕು ವಾರ ಮುಂಚೆ, ನಾಲ್ಕು ವಾರ ಆಮೇಲೆ ಪೂರ್ತಿ ಬಿಡದಿದ್ದರೆ ಒಳ್ಳೆ ಸರ್ಜನ್ ಕತ್ತಿ ಮುಟ್ಟಲ್ಲ. ಆಸ್ಪಿರಿನ್, ರಕ್ತ ತೆಳು ಮಾಡೋ ಮಾತ್ರೆ, ಗರ್ಭನಿರೋಧಕ ಮಾತ್ರೆ, ನಾಟಿ ಔಷಧಿ, ಏನೇ ತಗೋತಿದ್ದರೂ ಬಾಯಿಬಿಟ್ಟು ಹೇಳಬೇಕು. ನೀವಾಗಿ ನಿಲ್ಲಿಸೋ ಹಾಗೂ ಇಲ್ಲ. ಹೃದಯದ ತೊಂದರೆಗೆ ಕೊಟ್ಟ ಮಾತ್ರೆಯನ್ನ ಚಂದಕ್ಕೋಸ್ಕರ ನಿಲ್ಲಿಸಿ ಹೃದಯಾಘಾತ ತಂದುಕೊಳ್ಳೋದು ಯಾವ ಜಾಣತನ?

ಆ ಕ್ಲಿನಿಕ್ಕಿನ ಹುಡುಗಿ ಹೇಳಿದ್ದಳಲ್ಲ, ಮೂರನೇ ದಿನ ಊರಿಗೆ ಹೋಗಬಹುದು ಅಂತ. ಅದನ್ನ ಈ ಡಾಕ್ಟರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಚಂದದ ಆಪರೇಷನ್‌ಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಹೆಚ್ಚಿರೋದು ಇದರಲ್ಲೇ. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಮನುಷ್ಯ ನಿಂತಲ್ಲೇ ಹೋಗಬಹುದು. ಅದಕ್ಕೇ ಆಪರೇಷನ್ ಆದ ದಿನವೇ ಬಗ್ಗಿಕೊಂಡಾದರೂ ನಾಲ್ಕು ಹೆಜ್ಜೆ ನಡೆಸ್ತಾರೆ. ಅಂಥ ಮೈಯನ್ನ ಮೂರನೇ ದಿನ ರಾಯಚೂರಿನ ರಾತ್ರಿ ಬಸ್ಸಲ್ಲಿ ಕಾಲು ಮಡಚಿ ಕೂರಿಸೋದಾ? ಹೊಟ್ಟೆಯಿಂದ ನೀರು ತೆಗೆಯೋ ಕೊಳವೆ ಆಗಿನ್ನೂ ಮೈಯಲ್ಲೇ ಇರುತ್ತೆ. ಸುಮಾರು ಆರು ವಾರ ಭಾರ ಎತ್ತೋ ಹಾಗಿಲ್ಲ, ಹೊಟ್ಟೆಗೆ ಪಟ್ಟಿ. ಕೊಡ ಎತ್ತೋದು ಯಾರು, ಸಿಲಿಂಡರ್ ಬದಲಾಯಿಸೋದು ಯಾರು, ಮನೆಯಲ್ಲಿ ಕೂರೋ ಕಕ್ಕಸಾ ಕಮೋಡಾ? ಇದನ್ನೆಲ್ಲ ಈ ಡಾಕ್ಟರು ಕೇಳಿದರು. ಭಾವನ ಹೆಸರು ಬಂದಾಗ ಅಕ್ಕ ನಕ್ಕುಬಿಟ್ಟಳು.

2022ರ ಮೇ ತಿಂಗಳಲ್ಲಿ ಇದೇ ಬೆಂಗಳೂರಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸೋ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋದವರು ವಾಪಸ್ ಬರಲಿಲ್ಲ. ಮನೆಯವರಿಗೆ ಹೇಳದೆ ಹೋಗಿದ್ದರು ಅಂತ ಆಗ ಸುದ್ದಿಯಾಗಿತ್ತು. ಅದು ಟಮ್ಮಿ ಟಕ್ ಅಲ್ಲ, ಆದರೆ ನೆನಪಾಗದೆ ಇರಲ್ಲ. ನಾವು ಚಾನೆಲ್‌ನವರು ಏನು ಮಾಡಿದ್ವಿ? ಆ ಹುಡುಗಿಯ ಫೋಟೋ ಹಾಕಿ "ಬೇಕಿತ್ತಾ ಇದೆಲ್ಲಾ?" ಅಂತ ಪಟ್ಟಿ ಓಡಿಸಿದ್ವಿ. ಹೋದವಳನ್ನ ಕೇಳೋ ಪ್ರಶ್ನೆ ಅಲ್ಲ ಅದು. ಮನೆಯವರಿಗೆ ಹೇಳದೆ ಹೋಗೋದು ಯಾಕೆ? ಹೇಳಿದರೆ ನಾವೆಲ್ಲ ಅದೇ ಪ್ರಶ್ನೆ ಕೇಳ್ತೀವಿ ಅಂತ. ಇನ್ನೂ ಒಂದು ಹೇಳಬೇಕು, ನನ್ನ ಮ್ಯಾನೇಜ್‌ಮೆಂಟ್ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಮಧ್ಯಾಹ್ನದ ಹೊತ್ತು ಚಾನೆಲ್‌ಗಳಲ್ಲಿ ಆರೋಗ್ಯ ಕಾರ್ಯಕ್ರಮ ಅಂತ ಬರುತ್ತಲ್ಲ, ಬಿಳಿ ಕೋಟು, ಕೆಳಗೆ ಫೋನ್ ನಂಬರು, ಅದರಲ್ಲಿ ಬಹಳಷ್ಟು ದುಡ್ಡು ಕೊಟ್ಟು ಕೊಂಡ ಸಮಯ. ನಮ್ಮದೂ ಸೇರಿ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತೆ, ಇಲ್ಲಾ ಬರೆದಿರಲ್ಲ.

ಹಾಗಾದರೆ ಯಾರ ಹತ್ತಿರ ಹೋಗಬೇಕು ಅಂತ ಕೇಳ್ತೀರಿ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದವರು ಬೇಕು. ಗೋಡೆ ಮೇಲಿನ 'ಕಾಸ್ಮೆಟಿಕ್ ಕೋರ್ಸ್' ಸರ್ಟಿಫಿಕೇಟ್ ಸಾಲದು. ಹೆಸರು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಇದೆಯಾ ನೋಡಿ. ಆಸ್ಪತ್ರೆಗೆ ಕೆಪಿಎಂಇ ನೋಂದಣಿ ಬೇಕು, ಅದು ಕಾನೂನು, ಎದುರಿಗೇ ತೂಗುಹಾಕಿರಬೇಕು. ಅನಸ್ತೇಷಿಯಾ ಕೊಡೋರು ಯಾರು, ಐಸಿಯು ಇದೇ ಕಟ್ಟಡದಲ್ಲಿ ಇದೆಯಾ, ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದರೆ ಯಾರು ಬರ್ತಾರೆ, ಕೇಳಿ. ಹಳೇ ಆಪರೇಷನ್ನಿನ ಡಿಸ್ಚಾರ್ಜ್ ಕಾಗದ ಹುಡುಕಿ ತಗೊಂಡು ಹೋಗಿ. ಅಕ್ಕನದ್ದು ಅಕ್ಕಿ ಡಬ್ಬದ ಕೆಳಗೆ ಇತ್ತಂತೆ. ಹೊಟ್ಟೆ ನೋಡದೆ ರೇಟು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಇನ್ನೂ ಮಕ್ಕಳು ಬೇಕು ಅಂತ ಇದ್ದರೆ ಅದಾದ ಮೇಲೆ ಯೋಚನೆ ಮಾಡಿ. ದುಡ್ಡಿನ ವಿಷಯ: ಹೆಲ್ತ್ ಇನ್ಶೂರೆನ್ಸ್ ಪಾಲಿಸಿಗಳಲ್ಲಿ ಬರೀ ಚಂದಕ್ಕೆ ಮಾಡಿಸೋ ಸರ್ಜರಿ ಸೇರಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದಮೇಲಿನದ್ದು ಅಥವಾ ವೈದ್ಯಕೀಯವಾಗಿ ಬೇಕೇಬೇಕು ಅನ್ನೋದು ಮಾತ್ರ ಸೇರುತ್ತೆ. ಅಕ್ಕನ ಹರ್ನಿಯಾಕ್ಕೆ ಇನ್ಶೂರೆನ್ಸ್ ಸಿಗುತ್ತೆ. ಅದರ ಪಕ್ಕದ ಮಡಿಕೆಗೆ ಸಿಗಲ್ಲ.

ಕೊನೆಗೆ ಆ ಡಾಕ್ಟರು ಅಕ್ಕನಿಗೆ ಬೇಡ ಅಂತ ಹೇಳಲಿಲ್ಲ. ನಾನು ಹಾಗೆ ಹೇಳ್ತಾರೆ ಅಂತ ಕಾಯ್ತಾ ಇದ್ದೆ. ಪೆನ್ನು ತಗೊಂಡು ಅವಳ ಹೊಟ್ಟೆ ಮೇಲೇ ಗೆರೆ ಎಳೆದು ತೋರಿಸಿದರು. "ಇಲ್ಲಿ ಮೇಲ್ಗಡೆ ನಾನು ಕೈ ಹಾಕಲ್ಲ. ಕೆಳಗಿನ ಮಡಿಕೆ ಇಷ್ಟು ತೆಗೀಬಹುದು, ಸ್ವಲ್ಪವೇ ಬಿಡಿಸಿ. ನೀವು ಫೋನಲ್ಲಿ ನೋಡಿದ ಹೊಟ್ಟೆ ನನ್ನ ಕೈಲಿ ಕೊಡಕ್ಕಾಗಲ್ಲಮ್ಮಾ. ಬಸ್ಸಲ್ಲಿ ಸೀಟು ಬಿಡದೆ ಇರೋ ಅಷ್ಟು ಮಾಡಬಹುದು. ಮೊದಲು ಸಕ್ಕರೆ, ರಕ್ತ, ಆಮೇಲೆ ಹರ್ನಿಯಾ. ಅದೆಲ್ಲ ಆದಮೇಲೂ ಬೇಕು ಅನ್ನಿಸಿದರೆ ಬನ್ನಿ."

ಅಕ್ಕ ವಾಪಸ್ ಬರ್ತಾ ಆಟೋದಲ್ಲಿ ಅತ್ತಳು. ನಾನು ಏನೂ ಹೇಳಲಿಲ್ಲ, ನನಗೂ ಮಾತು ಬರದ ಹೊತ್ತು ಇರ್ತವೆ.

ಮೊನ್ನೆ ಫೋನ್ ಮಾಡಿದ್ದಳು. ಎಚ್‌ಬಿಎ1ಸಿ 7.2ಕ್ಕೆ ಇಳಿದಿದೆ. ಹರ್ನಿಯಾ ಆಪರೇಷನ್ನನ್ನ ಬೇಸಿಗೆ ರಜೆಗೆ ಇಟ್ಟುಕೊಂಡಿದ್ದಾಳೆ. ಭಾವ ಆರು ವಾರ ಅಡುಗೆ ಮಾಡೋದಾಗಿ ಒಪ್ಪಿದ್ದಾರಂತೆ, ಸದ್ಯಕ್ಕೆ ಅನ್ನ ಮಾಡೋದು ಕಲಿತಿದ್ದಾರೆ. "ಮತ್ತೆ ಇನ್ನೊಂದರ ಕಥೆ?" ಅಂತ ಕೇಳಿದೆ. "ನೋಡೂಣಂತ" ಅಂದಳು. ಆ ಮೊದಲ ಕ್ಲಿನಿಕ್ಕಿನಿಂದ ಅವಳ ಫೋನಿಗೆ ಇನ್ನೂ ಮೆಸೇಜ್ ಬರ್ತಾನೇ ಇವೆ. ದಸರಾ ಮುಗೀತು, ಈಗ ಸಂಕ್ರಾಂತಿ ಆಫರ್ ಅಂತೆ.